ಕಲ್ಲುಜೋಳದ ಅಳತೆ

ಮೌನೇಶ ಪತ್ತಾರ ಯಂತ್ರದ ಕೊಳವೆಗೆ ಬಾಯಿ ಹಚ್ಚಿ, ಎದೆಯಲ್ಲಿದ್ದ ಉಸಿರೆಲ್ಲ ತೀರುವವರೆಗೆ ಊದಿದ. ಮುಗಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟಿ ಎದುರಿನ ಮೇಜನ್ನು ಹಿಡಿದು ನಿಲ್ಲಬೇಕಾಯಿತು. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು: ಪಚನಾಂಕ ತೊಂಬತ್ತೊಂದು, ಉತ್ತಮ.

"ಭಾರಿ ಐತಿ ನಿನ್ನ ಹೊಟ್ಟಿ," ಎಂದ ಧಾನ್ಯ ಉಗ್ರಾಣದ ಗುಮಾಸ್ತ ಫಕ್ಕೀರಪ್ಪ. "ಈ ತಿಂಗಳಿಂದ ನಿನ್ನ ಜೋಳ ಇನ್ನೊಂದೀಟು ಕಡಿಮಿ ಆತು."

"ಹೊಟ್ಟಿ ಭಾರಿ ಐತಿ ಅಂದ್ರ ಹಸಿವು ಯಾಕ ಆಗತೈತ್ರಿ?"

"ಅದನ್ನ ಯಂತ್ರ ಹೇಳೂದಿಲ್ಲ ತಮ್ಮಾ. ನಿಮ್ಮಕ್ಕ ಮಂಡಳ್ಯಾಗ ಅದಾರಲ್ಲ, ಅವರನ್ನ ಕೇಳು."

ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ ನಕ್ಕರು. ಮೌನೇಶ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹಳೇ ಹುಬ್ಬಳ್ಳಿಯ ಓಣಿಯತ್ತ ನಡೆದ. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ತಗಡು ಬಡಿಯುವ ಕೆಲಸ ಅವನದು. ವರ್ಷದ ಹಿಂದೆ ಒಬ್ಬನೇ ಹೊತ್ತುಕೊಂಡು ಹೋಗುತ್ತಿದ್ದ ಬಾಗಿಲಿನ ಚೌಕಟ್ಟಿಗೆ ಈಗ ಇನ್ನೊಬ್ಬರ ಕೈ ಬೇಕಾಗುತ್ತಿತ್ತು.

ಬಿಳಿಬೂಷ್ಟು ರೋಗ ಬಂದು ಭತ್ತ, ಗೋಧಿ, ಹಳೆಯ ತಳಿಯ ಜೋಳ ಎಲ್ಲವನ್ನೂ ಹೊಲದಲ್ಲೇ ಕೊಳೆಸಿದ ಮೇಲೆ ಉಳಿದದ್ದು ಒಂದೇ ಧಾನ್ಯ. ರೋಗಕ್ಕೆ ಬಗ್ಗದಂತೆ ಪ್ರಯೋಗಾಲಯದಲ್ಲಿ ರೂಪಿಸಿದ ಜೋಳ ಅದು. ಮಂದಿ ಅದಕ್ಕೆ ಕಲ್ಲುಜೋಳ ಎಂದು ಹೆಸರಿಟ್ಟರು. ಬೂಷ್ಟಿಗೆ ಬಗ್ಗದ ಆ ಕಾಳು ಮನುಷ್ಯರ ಹೊಟ್ಟೆಗೂ ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಅದರೊಳಗಿನ ಪಿಷ್ಟದ ಕಣಗಳು ಹೆಣೆದ ಹಗ್ಗದಂತೆ ಒತ್ತಾಗಿ ಕೂತಿದ್ದವು. ಜೊಲ್ಲಿನಲ್ಲೂ ಮೇದೋಜೀರಕದ ರಸದಲ್ಲೂ ಇರುವ ಅಮೈಲೇಸ್ ಎಂಬ ಕಿಣ್ವವೇ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದು. ಕೆಲವರಲ್ಲಿ ಆ ಕತ್ತರಿ ಹರಿತವಾಗಿತ್ತು, ಕೆಲವರಲ್ಲಿ ಮೊಂಡು. ಸಣ್ಣ ಕರುಳಿನಲ್ಲಿ ಕತ್ತರಿಸಿಕೊಳ್ಳದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಜಾರಿ, ಅಲ್ಲಿನ ಸೂಕ್ಷ್ಮಜೀವಿಗಳ ಪಾಲಾಗುತ್ತಿತ್ತು. ಹಾಗಾಗಿ ಒಂದೇ ರೊಟ್ಟಿ ಒಬ್ಬನಿಗೆ ಊಟ, ಇನ್ನೊಬ್ಬನಿಗೆ ಅರ್ಧ ಊಟ.

ಧಾನ್ಯ ಮಂಡಳಿ ಇದಕ್ಕೆ ಒಂದು ನಿಯಮ ತಂದಿತು. ಜೀರ್ಣವಾಗದವರಿಗೆ ಹೆಚ್ಚು ಕಾಳು, ಚೆನ್ನಾಗಿ ಜೀರ್ಣವಾಗುವವರಿಗೆ ಕಡಿಮೆ. ಕೇಳಲು ನ್ಯಾಯವಾಗಿಯೇ ಇತ್ತು. ಯಾರ ಹೊಟ್ಟೆ ಎಂಥದು ಎಂದು ತಿಳಿಯಲು ಉಸಿರಿನ ಯಂತ್ರ ಬಂತು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಪಿಷ್ಟವನ್ನು ಹುದುಗಿಸುವಾಗ ಹೈಡ್ರೋಜನ್ ಅನಿಲ ಬಿಡುತ್ತವೆ. ಅದು ರಕ್ತ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಬೀಳುತ್ತದೆ. ಉಗ್ರಾಣದಲ್ಲಿ ಕೊಟ್ಟ ರೊಟ್ಟಿ ತಿಂದು, ಕಾಯ್ದು, ಊದಬೇಕು. ಉಸಿರಿನಲ್ಲಿ ಹೈಡ್ರೋಜನ್ ಹೆಚ್ಚಿದ್ದರೆ ಪಿಷ್ಟ ದಕ್ಕದೆ ಕೆಳಗೆ ಹೋಗಿದೆ ಎಂದರ್ಥ. ಕಡಿಮೆಯಿದ್ದರೆ ಎಲ್ಲ ದಕ್ಕಿದೆ ಎಂದರ್ಥ. ಕಾಳನ್ನು ಹೊರಗೆ ಮಾರುವುದು ನಿಷೇಧವಾಗಿತ್ತು. ಯಂತ್ರ ಹೇಳಿದಷ್ಟೇ ಅಳತೆ.

ಮೌನೇಶನ ಅಕ್ಕ ಇಂದುಮತಿ ಆ ಮಂಡಳಿಯ ಪ್ರಯೋಗಾಲಯದಲ್ಲಿ ವಿಜ್ಞಾನಿ. ಯಂತ್ರ ರೂಪಿಸಿದವರ ಪೈಕಿ ಅವಳಿರಲಿಲ್ಲ. ಕಲ್ಲುಜೋಳವನ್ನು ಮೆದು ಮಾಡುವ ಕಿಣ್ವ ಹುಡುಕುವುದು ಅವಳ ಕೆಲಸ. ಮದುವೆಯಾಗದ ಅವಳು, ತಮ್ಮ, ತಮ್ಮನ ಹೆಂಡತಿ ಕಲಾವತಿ ಒಂದೇ ಮನೆಯಲ್ಲಿದ್ದರು. ಆ ಸಂಜೆ ಕಲಾವತಿ ಚೀಲ ಬಿಚ್ಚಿ ನೋಡಿ, ತನ್ನ ಪಾಲಿನ ಜೋಳವನ್ನು ಗಂಡನ ಜೋಳಕ್ಕೆ ಬೆರೆಸಿದಳು.

"ಬ್ಯಾಡ," ಎಂದ ಮೌನೇಶ. "ನೀ ಏನ್ ತಿಂತಿ?"

"ನನಗ ಸಾಕಾಗತೈತಿ. ನೀವು ಕನ್ನಡಿ ನೋಡ್ಕೊಂಡೀರೇನು? ನಿಮ್ಮ ಜೋಳಾ ನಾ ಮಾರ್ಕೋತೀನಂತ ಓಣ್ಯಾಗ ಮಂದಿ ಮಾತಾಡಾಕತ್ತಾರ."

ಇಂದುಮತಿ ತಮ್ಮನನ್ನೇ ನೋಡುತ್ತ ಕೂತಳು. ಅಂಗಿಯ ಕೊರಳು ಸಡಿಲಾಗಿತ್ತು. "ಮೌನ್ಯಾ, ತಿಂದ ಮ್ಯಾಲ ಹೊಟ್ಟಿ ಹೆಂಗ ಅನಸತೈತಿ?"

"ಬಂಡಿಗಲ್ಲು ಇಟ್ಟಂಗ. ಉಬ್ಬತೈತಿ, ಆಮ್ಯಾಲ ಅಲ್ಲೇ ಕುಂದರತೈತಿ."

ಎಲ್ಲ ಜೀರ್ಣವಾದ ಹೊಟ್ಟೆ ಹೀಗೆ ಉಬ್ಬುವುದಿಲ್ಲ ಎಂಬುದು ಇಂದುಮತಿಗೆ ಗೊತ್ತಿತ್ತು.

ಪ್ರಯೋಗಾಲಯದಲ್ಲಿ ಅವಳ ಬಳಿ ಗಾಜಿನ ಕರುಳುಗಳಿದ್ದವು. ಮೈಬಿಸಿಯಷ್ಟೇ ಬಿಸಿಯಲ್ಲಿಟ್ಟ ಗಾಜಿನ ಪಾತ್ರೆಗಳಿಗೆ ಒಬ್ಬೊಬ್ಬರ ಮಲದ ಮಾದರಿಯಿಂದ ತೆಗೆದ ಸೂಕ್ಷ್ಮಜೀವಿಗಳನ್ನು ಬಿಟ್ಟು, ಕಲ್ಲುಜೋಳದ ಹಿಟ್ಟು ಹಾಕಿ, ಮೇಲೆ ಅನಿಲ ತುಂಬಿಕೊಳ್ಳುವ ಚೀಲ ಕಟ್ಟುತ್ತಿದ್ದಳು. ಸಾಲಿಗೆ ತಮ್ಮನ ಮಾದರಿಯನ್ನೂ ಸೇರಿಸಿದಳು. ಮರುದಿನ ಪಾತ್ರೆಯಿಂದ ಒಂದು ತೊಟ್ಟು ತೆಗೆದು ಅಯೋಡಿನ್ ಬಿಟ್ಟರೆ ನೀಲಿ ಬಣ್ಣ ಬರಲಿಲ್ಲ. ಅಂದರೆ ಪಿಷ್ಟ ಮುಗಿದಿತ್ತು, ಸೂಕ್ಷ್ಮಜೀವಿಗಳು ತಿಂದು ತೇಗಿದ್ದವು. ಹಾಗಿದ್ದರೆ ಮೇಲಿನ ಚೀಲದಲ್ಲಿ ಹೈಡ್ರೋಜನ್ ಇರಲೇಬೇಕು. ಮಾಪಕ ಇಟ್ಟಳು. ಮುಳ್ಳು ಅಲುಗಾಡಲಿಲ್ಲ. ಮಾಪಕ ಕೆಟ್ಟಿದೆಯೆಂದು ಪಕ್ಕದ ಪಾತ್ರೆಗೆ ಹಿಡಿದರೆ ಅಲ್ಲಿ ಮುಳ್ಳು ಸರ್ರನೆ ಏರಿತು.

ತಮ್ಮನ ಪಾತ್ರೆಯ ಚೀಲ ಉಳಿದವಕ್ಕಿಂತ ಜೋಲಾಗಿತ್ತು, ಆದರೆ ಖಾಲಿಯಿರಲಿಲ್ಲ. ಅವಳು ಅದರ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದಳು. ಹೈಡ್ರೋಜನ್ ಆಗಿದ್ದರೆ ಪಟ್ಟೆನ್ನಬೇಕಿತ್ತು. ಇದು ಅಡುಗೆ ಒಲೆಯಂತೆ ನೀಲಿಯಾಗಿ, ನಿಧಾನವಾಗಿ ಉರಿಯಿತು. ಮೀಥೇನ್.

ಸಂಜೆ ಮನೆಗೆ ಬಂದವಳೇ ತಮ್ಮನಿಗೆ ಹೇಳಿದಳು. "ನಿನ್ನ ದೊಡ್ಡ ಕರುಳಿನ್ಯಾಗ ಇನ್ನೊಂದು ಜಾತಿ ಜೀವಿ ಅದಾವು. ಆಕಳ ಹೊಟ್ಟ್ಯಾಗ ಇರ್ತಾವಲ್ಲ, ಅಂಥಾವು. ಉಳಿದಾವು ಬಿಟ್ಟ ಹೈಡ್ರೋಜನ್ನ ಇವು ನುಂಗಿ ಮೀಥೇನ್ ಮಾಡ್ತಾವು. ಯಂತ್ರಕ್ಕ ಮೀಥೇನ್ ಗೊತ್ತಾಗೂದಿಲ್ಲ. ನಿನ್ನ ಉಸಿರಿನ್ಯಾಗ ಹೈಡ್ರೋಜನ್ ಇಲ್ಲಂತ, ಎಲ್ಲಾ ಜೀರ್ಣ ಆಗೇತಿ ಅಂತ ಬರಕೋತೈತಿ. ಖರೇ ನೋಡಿದ್ರ ನಿನಗ ಏನೂ ದಕ್ಕಾಕತ್ತಿಲ್ಲ."

"ಅಂದ್ರ ನನ್ನ ಹೊಟ್ಟ್ಯಾಗ ಗೋಬರ್ ಗ್ಯಾಸ್ ಕಟ್ಟೇತಿ ಅನ್ನು," ಎಂದು ಮೌನೇಶ ನಕ್ಕ. ಅಕ್ಕ ಕಂಡುಹಿಡಿದ ಮೇಲೆ ಇನ್ನೇನು, ಸರಿಹೋಗುತ್ತದೆ ಎಂದು ಅವನಿಗೆ ಅನಿಸಿತ್ತು. ಅವಳಿಗೂ ಹಾಗೇ ಅನಿಸಿತ್ತು.

ಮಂಡಳಿಯ ನಿರ್ದೇಶಕ ಜಾಗೀರದಾರ ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯನಲ್ಲ, ಕೇಳುವಾಗ ತಲೆಯನ್ನೂ ಆಡಿಸಿದರು.

"ವಿಜ್ಞಾನ ಸರಿ ಐತಿ ಇಂದುಮತಿಯವರ. ಆದ್ರ ನಿಮ್ಮ ಮೊದಲನೇ ಮಾದರಿ ಯಾರದು? ನಿಮ್ಮ ತಮ್ಮಂದು. ತಮ್ಮಗ ಜೋಳ ಹೆಚ್ಚು ಕೊಡಸಾಕ ಅಕ್ಕ ಹೊಸ ಅನಿಲ ಹುಡುಕಿದ್ಲು ಅಂತಾರ ಮಂದಿ."

"ಹಂಗಾದ್ರ ಬ್ಯಾರೆಯವರ ಮಾದರಿ ತರ್ತೀನಿ."

ತಂದಳು. ಉಗ್ರಾಣದ ಸಾಲಿನಲ್ಲಿ ನಿಂತು, ನಾಚಿಕೆ ಬಿಟ್ಟು, ಒಬ್ಬೊಬ್ಬರನ್ನೂ ಕೇಳಿದಳು. ಕೆಲವರು ಬೈದರು. ಗಾದಿ ಹೊಲಿಯುವ ಬೀಬಿಜಾನ್ ನದಾಫ ಎಂಬ ಮುದುಕಿ ಮಾತ್ರ, "ತಗೋ ಬೇ, ಅದರಾಗ ಏನ್ ಮುತ್ತು ಅದಾವು?" ಎಂದು ಮೊದಲು ಒಪ್ಪಿದಳು, ಅವಳನ್ನು ನೋಡಿ ಉಳಿದವರೂ ಕೊಟ್ಟರು. ಮೂವರಲ್ಲಿ ಒಬ್ಬರಂತೆ ನೀಲಿ ಉರಿ ಬಂತು. ಬೀಬಿಜಾನ್‌ಳದೂ ನೀಲಿಯೇ.

ಜಾಗೀರದಾರರು ಅದನ್ನು ಉಪಸಮಿತಿಗೆ ಕಳಿಸಿದರು. ಉಪಸಮಿತಿ ಸಭೆ ಸೇರಲಿಲ್ಲ. ಸೇರಿದಾಗ ಅಧ್ಯಕ್ಷರು ಬರಲಿಲ್ಲ. ಬಂದಾಗ ಅವರು ಕೇಳಿದ್ದು, ಎಲ್ಲ ಉಗ್ರಾಣಗಳ ಯಂತ್ರಕ್ಕೂ ಮೀಥೇನ್ ಅಳೆಯುವ ಇನ್ನೊಂದು ಮಾಪಕ ಕೂಡಿಸುವುದು ಆಗುವ ಮಾತೇ ಎಂದು. ಆಗುವ ಮಾತೇ ಎಂದು ಇಂದುಮತಿ ಹೇಳಿದಳು, ಮಾಡಿ ತೋರಿಸಿದಳು. ಚಹಾ ಬಂತು. ಇನ್ನೊಂದು ಉಪಸಮಿತಿ ಆಯಿತು. ಅವಳು ಮನೆಗೆ ಬಂದಾಗಲೆಲ್ಲ ಮೌನೇಶ "ಏನಾತಕ್ಕಾ?" ಎನ್ನುತ್ತಿದ್ದ. ಕೆಲವು ವಾರಗಳಾದ ಮೇಲೆ ಕೇಳುವುದನ್ನು ಬಿಟ್ಟ. ಅವನು ಕೇಳದೆ ಇದ್ದದ್ದು ಅವಳಿಗೆ ಕೇಳಿದ್ದಕ್ಕಿಂತ ಕಷ್ಟವಾಯಿತು.

ಒಂದು ಮಧ್ಯಾಹ್ನ ಕಾರ್ಖಾನೆಯಿಂದ ಕರೆ ಬಂತು. ಬಸ್ಸಿನ ಮಾಡಿನ ಮೇಲೆ ನಿಂತು ತಗಡು ಕೂಡಿಸುತ್ತಿದ್ದ ಮೌನೇಶ ತಲೆ ತಿರುಗಿ ಕೆಳಗೆ ಬಿದ್ದಿದ್ದ. ಹೆಗಲ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ವೈದ್ಯರು, "ಇವರು ಏನು ತಿಂತಾರ?" ಎಂದು ಕೇಳಿದರು.

"ಪಚನಾಂಕ ತೊಂಬತ್ತರ ಮ್ಯಾಲ ಐತ್ರಿ ಅವರ್ದು," ಎಂದಳು ಕಲಾವತಿ. ಅವಳ ದನಿಯಲ್ಲಿದ್ದದ್ದು ವ್ಯಂಗ್ಯವೋ ಅಳುವೋ ತಿಳಿಯಲಿಲ್ಲ.

ಇಂದುಮತಿ ಆಸ್ಪತ್ರೆಯಿಂದ ನೇರವಾಗಿ ನಿರ್ದೇಶಕರ ಕೋಣೆಗೆ ಹೋದಳು. ಜಾಗೀರದಾರರು ಅವಳನ್ನು ಕಂಡು ಕುರ್ಚಿಯಿಂದೆದ್ದರು. ಮುಖದಲ್ಲಿ ಸಂತೋಷವಿತ್ತು.

"ಬರ್ರಿ, ಬರ್ರಿ. ಈಗ ನಿಮ್ಮನ್ನ ಕರಸ್ಬೇಕಂತಿದ್ದೆ. ನಿಮ್ಮ ಸಂಶೋಧನೆ ಮಂಡಳಿ ಒಪ್ಪಿಕೊಂಡ್ತು."

ಅವಳು ಕೂತಳು. "ಮಾಪಕ ಯಾವಾಗ ಕೂಡಸ್ತಾರ್ರೀ?"

"ಮಾಪಕ ಅಲ್ಲ. ಗುಳಿಗಿ. ಮೀಥೇನ್ ಮಾಡೋ ಜೀವಿಗಳನ್ನ ಕೊಲ್ಲೋ ಗುಳಿಗಿ. ಅವು ಸತ್ತ್ವು ಅಂದ್ರ ಹೈಡ್ರೋಜನ್ ಹಂಗ ಉಳೀತೈತಿ, ಯಂತ್ರ ಸರಿಯಾಗಿ ಓದತೈತಿ. ಯಂತ್ರ ಬದಲಿ ಮಾಡೂದಕ್ಕಿಂತ ಹೊಟ್ಟಿ ಬದಲಿ ಮಾಡೂದು ಸುಲಭ ಅಂತ ಎಲ್ಲಾರೂ ಒಪ್ಪಿದ್ರು."

ಇಂದುಮತಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. "ಸರ, ಗುಳಿಗಿಗೆ ಕಣ್ಣಿಲ್ಲ. ಮೀಥೇನ್ ಮಾಡೋವಷ್ಟನ್ನ ಆರಿಸಿ ಕೊಲ್ಲೂದಿಲ್ಲ ಅದು. ಪಿಷ್ಟ ತಿನ್ನೋವೂ ಸಾಯ್ತಾವು, ಹೈಡ್ರೋಜನ್ ಬಿಡೋವೂ ಸಾಯ್ತಾವು. ಆ ಜೀವಿಗಳು ತಿಂದು ಉಳಿಸಿದ ಹುಳಿರಸದಾಗ ಮೈಗೆ ಒಂದೀಟು ಕಸುವು ಸಿಗತಿತ್ತು, ಅದೂ ಹೋಗತೈತಿ. ಕರುಳು ಖಾಲಿ ಆದ್ರ ಉಸಿರಿನ್ಯಾಗ ಏನೂ ಬರೂದಿಲ್ಲ. ಏನೂ ಬರಲಿಲ್ಲಂದ್ರ ನಿಮ್ಮ ಯಂತ್ರ ನೂರಕ್ಕ ನೂರು ಅಂತೈತಿ. ಇನ್ನಷ್ಟು ಜೋಳ ಕಡೀತೈತಿ."

"ಅದು ನಿಮ್ಮ ಊಹೆ."

"ಗಾಜಿನ ಪಾತ್ರ್ಯಾಗ ಮಾಡಿ ತೋರಸ್ತೀನಿ."

"ಆದೇಶ ಹೊರಟೇತಿ ಇಂದುಮತಿಯವರ. ನೋಡೂಣು."

ಗುಳಿಗೆ ಉಗ್ರಾಣದಲ್ಲೇ ಕೊಟ್ಟರು. ಫಕ್ಕೀರಪ್ಪನ ಎದುರೇ ನುಂಗಬೇಕು, ನುಂಗದವರಿಗೆ ಜೋಳವಿಲ್ಲ. ಮೀಥೇನ್ ಇರುವವರು ಯಾರೆಂಬುದು ಮಂಡಳಿಗೆ ಗೊತ್ತಿತ್ತು, ಏಕೆಂದರೆ ಇಂದುಮತಿಯೇ ಗುರುತಿಸಿ ಕೊಟ್ಟಿದ್ದಳು. ಕೈಯನ್ನು ಕೊರಳಿಗೆ ಪಟ್ಟಿ ಕಟ್ಟಿ ತೂಗುಹಾಕಿಕೊಂಡ ಮೌನೇಶ ಹೊರಡುವಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಮೌನ್ಯಾ. ಒಂದು ತಿಂಗಳು ನಮ್ಮಿಬ್ಬರ ಜೋಳದಾಗ ಮೂವರೂ ಉಣ್ಣೂಣು."

"ಮೂವರು ಉಪಾಸ ಬೀಳೂದಕ್ಕ ನಾ ಒಬ್ಬಾಂವ ಗುಳಿಗಿ ನುಂಗೂದು ಹಗರು ಐತಕ್ಕಾ."

ಒಳಗಿನಿಂದ ಕಲಾವತಿ ಬಂದಳು. ಇಷ್ಟು ವರ್ಷ ಅತ್ತಿಗೆ ನಾದಿನಿಯ ನಡುವೆ ಒಂದು ಬಿರುಸು ಮಾತು ಬಂದಿರಲಿಲ್ಲ. "ಅಕ್ಕಾರ, ನೀವು ಸುಮ್ಮ ಇದ್ರ ಅಷ್ಟರ ತಿಂತಿದ್ರು ಇವರು. ನೀವು ಹುಡುಕಿದ್ದಕ್ಕ ಗುಳಿಗಿ ಬಂತು. ದಾರಿ ಬಿಡ್ರಿ."

ಇಂದುಮತಿ ದಾರಿ ಬಿಟ್ಟಳು. ತಾನು ಹೇಳಿದ್ದು ಸತ್ಯವನ್ನೇ. ಅದು ಸಾಲು ಸಾಲು ಕೈ ದಾಟುತ್ತ ಹೋಗಿ, ಕೊನೆಗೆ ತನ್ನ ತಮ್ಮನ ಬಾಯಿಗೆ ಈ ರೂಪದಲ್ಲಿ ಬಂದು ಬಿದ್ದಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅವಳು ಕೈಗೆ ಸಿಕ್ಕ ತಾಟನ್ನು ಗೋಡೆಗೆ ಎಸೆದಳು. ಅದು ಉರುಳುತ್ತ ಬಂದು ಅವಳ ಕಾಲ ಬಳಿಯೇ ನಿಂತಿತು.

ಗುಳಿಗೆ ನುಂಗುವ ದಿನಗಳು ಮುಗಿಯುವ ಹೊತ್ತಿಗೆ ಮೌನೇಶ ಹಾಸಿಗೆ ಹಿಡಿದಿದ್ದ. ತಿಂದ ರೊಟ್ಟಿ ತಿಂದಂತೆಯೇ ನೀರಾಗಿ ಹೊರಹೋಗುತ್ತಿತ್ತು. ಆದರೂ ಅಳತೆಯ ದಿನ ಉಗ್ರಾಣಕ್ಕೆ ಹೋಗಲೇಬೇಕು. ಅವರವರ ಉಸಿರನ್ನು ಅವರವರೇ ಊದಬೇಕು. ಇಂದುಮತಿ ರಜೆ ಹಾಕಿ, ಅವನ ಸೊಂಟ ಹಿಡಿದುಕೊಂಡು ಕರೆತಂದಳು. ಸಾಲಿನಲ್ಲಿ ಬೀಬಿಜಾನ್ ನೆಲದ ಮೇಲೆಯೇ ಕೂತಿದ್ದಳು. ಉಗ್ರಾಣದ ರೊಟ್ಟಿ ತಿಂದು, ಕಾಯ್ದು, ಮೌನೇಶ ಊದಿದ. ಊದುವ ಶಕ್ತಿಯೂ ಇರಲಿಲ್ಲ. ಎರಡು ಸಲ ಊದಬೇಕಾಯಿತು.

ಪಚನಾಂಕ ತೊಂಬತ್ತೊಂಬತ್ತು. ಅತ್ಯುತ್ತಮ.

ಫಕ್ಕೀರಪ್ಪ ಪರದೆಯನ್ನೂ ಎದುರಿಗಿದ್ದವನನ್ನೂ ನೋಡಿದ. ಅವನ ಕೈ ಅಳತೆಯ ಡಬ್ಬಿಯ ಮೇಲೆ ಹಾಗೇ ನಿಂತಿತು. "ನಾ ಏನ್ ಮಾಡ್ಲಿ ಬಾಯಾರ," ಎಂದ ಇಂದುಮತಿಗೆ, ಅವಳು ಏನನ್ನೂ ಕೇಳದಿದ್ದರೂ. "ಯಂತ್ರ ಹೇಳಿದ್ದ ಅಳೀಬೇಕು ನಾ."

ಇಂದುಮತಿ ತಮ್ಮನನ್ನು ಗೋಡೆಗೆ ಆನಿಸಿ ಕೂರಿಸಿ ಹೊರಗೆ ಹೋದಳು. ಉಗ್ರಾಣದ ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿಯಿತ್ತು. ಅಂಗಡಿಯವನನ್ನು ಕೇಳಿದಳೋ ಇಲ್ಲವೋ ಅವಳಿಗೇ ಆಮೇಲೆ ನೆನಪಾಗಲಿಲ್ಲ. ಗಾಳಿ ಹೊಡೆಯುವ ಪಂಪನ್ನು ಎತ್ತಿಕೊಂಡು ಬಂದು, ಅದರ ರಬ್ಬರ್ ನಳಿಗೆಯನ್ನು ಯಂತ್ರದ ಕೊಳವೆಗೆ ಒತ್ತಿ ಹಿಡಿದು, ಎಲ್ಲರ ಎದುರು ಗಾಳಿ ಹೊಡೆದಳು.

ಯಂತ್ರ ಒಂದು ಕ್ಷಣ ಯೋಚಿಸಿತು. ಆಮೇಲೆ ಹಸಿರು ಅಕ್ಷರ ಮೂಡಿತು.

"ಓದ್ರಿ," ಎಂದಳು ಇಂದುಮತಿ.

"ಬಾಯಾರ..."

"ಜೋರಾಗಿ ಓದ್ರಿ ಫಕ್ಕೀರಪ್ಪಾರ."

"ಪಚನಾಂಕ ನೂರು," ಎಂದು ಫಕ್ಕೀರಪ್ಪ ಓದಿದ. "ಅತ್ಯುತ್ತಮ."

ಸಾಲಿನಲ್ಲಿ ನಗೆ ಎದ್ದಿತು. ಹಿಂದಿದ್ದವರು ಏನಾಯಿತೆಂದು ಕೇಳಿದರು, ಮುಂದಿದ್ದವರು ಹೇಳಿದರು, ನಗೆ ಬಾಗಿಲಿನವರೆಗೂ ಹೋಯಿತು. ಬೀಬಿಜಾನ್ ಮಾತ್ರ ನಗಲಿಲ್ಲ. "ನಮ್ಮ ಹೊಟ್ಟೀನೂ ಪಂಪಿನಂಗ ಖಾಲಿ ಆಗಲಿ ಅಂತ ಕಾಯಾಕತ್ತೈತೇನು ಇದು?" ಎಂದಳು. ಆಗ ನಗೆ ನಿಂತಿತು.

ಅವಳ ಸರದಿ ಬಂದಾಗ ಫಕ್ಕೀರಪ್ಪ ಕೊಳವೆ ಮುಂದೆ ಮಾಡಿದ. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಳು. ಊದಲಿಲ್ಲ, ಹೊರಗೂ ಹೋಗಲಿಲ್ಲ. ಅವಳ ಹಿಂದಿನವಳೂ ಸೆರಗು ಎಳೆದುಕೊಂಡಳು. ಗಂಡಸರು ಹೆಗಲ ಮೇಲಿನ ಟವೆಲ್ಲು ತೆಗೆದರು. ಹೆಚ್ಚು ಅಳತೆ ಪಡೆಯುತ್ತಿದ್ದವರು ಒಂದಿಷ್ಟು ಹಿಂದೆ ಮುಂದೆ ನೋಡಿದರು. ಕೊನೆಗೆ ಅವರೂ ಬಾಯಿ ಮುಚ್ಚಿದರು. ಅಲ್ಲಿಂದ ಮುಂದೆ ಆ ದಿನ ಹಳೇ ಹುಬ್ಬಳ್ಳಿಯ ಉಗ್ರಾಣದಿಂದ ಒಂದು ಕಾಳೂ ಹೊರಗೆ ಹೋಗಲಿಲ್ಲ.

ಯಂತ್ರಕ್ಕೆ ಕೈ ಹಚ್ಚಿದ ಆರೋಪದ ಮೇಲೆ ಇಂದುಮತಿಯನ್ನು ಮಂಡಳಿ ಅಮಾನತು ಮಾಡಿತು. ಓಣಿಯವರು ಇದ್ದಬದ್ದ ಜೋಳ ಕೂಡಿಸಿ, ಬೀಬಿಜಾನ್‌ಳ ಗಾದಿ ಅಂಗಡಿಯ ಮುಂದೆ ಒಂದೇ ಹಂಡೆಯಲ್ಲಿ ಅಂಬಲಿ ಕಾಯಿಸಿದರು. ಅದು ಯಾರಿಗೂ ಸಾಲುತ್ತಿರಲಿಲ್ಲ. ಜಗಳಗಳಾದವು, ಒಬ್ಬಿಬ್ಬರು ಕದ್ದು ಹೋಗಿ ಊದಿ ಬಂದರು. ಆದರೆ ಪಂಪಿನ ಸುದ್ದಿ ಹುಬ್ಬಳ್ಳಿ ದಾಟಿ ಗದಗಿಗೆ, ಹಾವೇರಿಗೆ ಹೋಯಿತು. ಅಲ್ಲಿನ ಉಗ್ರಾಣಗಳಿಗೂ ಮಂದಿ ಪಂಪು ತಂದರು, ಬಾಯಿ ಮುಚ್ಚಿ ನಿಂತರು. ಗೋದಾಮುಗಳಲ್ಲಿ ಜೋಳದ ಚೀಲಗಳ ರಾಶಿ ಬೆಳೆಯಿತು, ನುಸಿ ಹತ್ತಿತು. ಕೊನೆಗೆ ಮಂಡಳಿ, ಸದ್ಯಕ್ಕೆ ಎಲ್ಲರಿಗೂ ಒಂದೇ ಅಳತೆ ಕೊಡುವುದಾಗಿ ಸಾರಿತು.

ಆ ಅಳತೆ ಮೌನೇಶನಿಗೆ ಬೇಕಾದಷ್ಟು ಇರಲಿಲ್ಲ. ಆದರೂ ಹಿಂದಿನದಕ್ಕಿಂತ ಹೆಚ್ಚು. ಇಂದುಮತಿ ಈಗ ದಿನವಿಡೀ ಮನೆಯಲ್ಲಿದ್ದಳು. ಹಿಟ್ಟು ನೆನೆಸಿ, ಹುಳಿ ಬರಿಸಿ, ತೆಳ್ಳಗೆ ಅಂಬಲಿ ಮಾಡಿ ತಮ್ಮನಿಗೆ ಕುಡಿಸುತ್ತಿದ್ದಳು. ಖಾಲಿಯಾದ ಕರುಳಿನಲ್ಲಿ ಮತ್ತೆ ಜೀವ ಕೂಡಬೇಕಾದರೆ ಮೊದಲು ಅದಕ್ಕೆ ಮೇವು ಬೇಕು. ಕಲಾವತಿ ಅವಳೊಡನೆ ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ, "ಕೈ ಸುಟ್ಕೋತೀರಿ, ಸರೀರಿ," ಎಂದು ಒಲೆಯ ಮುಂದಿನಿಂದ ಎಬ್ಬಿಸಿ, ತಾನೇ ಅಂಬಲಿ ತಿರುವಿದಳು.

ಅದೇ ದಿನ ಜಾಗೀರದಾರರು ಫೋನ್ ಮಾಡಿದರು.

"ನಿಮಗೊಂದು ಸುದ್ದಿ ಹೇಳೂಣಂತ. ಯಂತ್ರ ಸುಧಾರಿಸ್ಯಾರ."

"ಮೀಥೇನ್ ಮಾಪಕ ಕೂಡಿಸಿದ್ರೇನ್ರಿ?"

"ಇಲ್ಲ. ಈಗ ಅದಕ್ಕ ಪಂಪಿನ ಗಾಳಿ ಯಾವುದು, ಮನಷ್ಯಾರ ಉಸಿರು ಯಾವುದು ಅಂತ ಗೊತ್ತಾಗತೈತಿ. ಮುಂದಿನ ಸುಗ್ಗಿಯಿಂದ ಮತ್ತ ಚಾಲೂ ಮಾಡ್ತಾರ." ಆಮೇಲೆ ದನಿ ತಗ್ಗಿಸಿ, "ನಾ ಹೇಳಿದೆ ಇಂದುಮತಿಯವರ. ಕೇಳಲಿಲ್ಲ," ಎಂದರು.

ಅವಳು ಫೋನ್ ಇಟ್ಟಳು. ಕೂಗಬೇಕೆನಿಸಿತು, ಕೂಗಿದರೆ ಕೇಳುವವರು ಈ ಮನೆಯವರೇ ಆಗಿದ್ದರು, ಅವರು ಸಾಕಷ್ಟು ಕೇಳಿದ್ದರು.

"ಅಕ್ಕಾ," ಎಂದು ಮೌನೇಶ ಹಾಸಿಗೆಯಿಂದ ಕರೆದ. "ಇಲ್ಲಿ ಬಾ. ಏನೋ ಆಗಾಕತ್ತೈತಿ."

ಅವಳು ಗಾಬರಿಯಿಂದ ಓಡಿದಳು. ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದ. ಅವಳು ಬಗ್ಗಿ ಕಿವಿ ಹಚ್ಚಿದಳು. ಒಳಗೆಲ್ಲೋ ದೂರದಲ್ಲಿ, ಕೊಡದೊಳಗೆ ನೀರು ಹೊರಳಿದಂತೆ, ಗುಳುಗುಳು ಸದ್ದು. ನಿಂತಿತು, ಮತ್ತೆ ಬಂತು. ಹುದುಗು ಹಿಡಿದ ಸದ್ದು ಅದು. ವರ್ಷಗಟ್ಟಲೆ ಗಾಜಿನ ಪಾತ್ರೆಗಳ ಮುಂದೆ ಕೂತು ಕೇಳಿದ್ದಳು.

"ಏನಕ್ಕಾ ಅದು?"

"ತಿಂದದ್ದನ್ನ ಕೆಳಗ ಯಾರೋ ತಿನ್ನಾಕತ್ತಾರ," ಎಂದಳು ಇಂದುಮತಿ. ತಲೆ ಎತ್ತಲಿಲ್ಲ. ತಮ್ಮನ ಅಂಗಿ ಅವಳ ಕಣ್ಣೀರಿಗೆ ಒದ್ದೆಯಾಗುತ್ತಿತ್ತು.

"ಹಂಗಾದ್ರ ಅವರಿಗೂ ಒಂದು ಪಾಲು ಬೇಕಲ್ಲ," ಎಂದ ಮೌನೇಶ.

ಕಲಾವತಿ ಒಲೆಯ ಮೇಲಿಂದ ಅಂಬಲಿಯ ಪಾತ್ರೆ ಇಳಿಸಿ, ಅಳೆಯದೆ, ಬಟ್ಟಲ ತುಂಬ ಬಗ್ಗಿಸಿದಳು.